ಪರದೇಶದ ನ್ಯಾಯಪದವಿಯೂ ಮನೆಯ ಋಣವೂ

ಪ್ರತಿವರ್ಷ ಗಣೇಶ ಚತುರ್ಥಿಯ ಸುಮಾರಿಗೆ ನಮ್ಮ ನಾಡಿನ ಕೆಲವು ತರುಣ ತರುಣಿಯರು, ಕಾಯಿದೆಯ ಮೊದಲ ಪದವಿಯನ್ನು ಇಲ್ಲಿ ಮುಗಿಸಿ, ಅದರ ಮೇಲಿನ ಪದವಿಗಾಗಿ ಸಮುದ್ರದಾಚೆಗೆ ಹೊರಡುತ್ತಾರೆ. ಇಂಗ್ಲಂಡ, ಅಮೇರಿಕೆ, ಹಾಲಂಡ ಮುಂತಾದ ದೇಶಗಳಲ್ಲಿ ವಿದ್ಯಾಪೀಠಗಳ ವರ್ಷವು ಆ ಹೊತ್ತಿಗೇ ಮೊದಲಾಗುವದು. ಮನೆಯವರು ಆರತಿ ಎತ್ತಿ ಕಳಿಸುತ್ತಾರೆ; ಊರವರು ಹಾರ ಹಾಕುತ್ತಾರೆ; ಹೋದವರು ಒಂದು ವರ್ಷದ ಮೇಲೆ 'ಎಲ್‌ಎಲ್.ಎಂ.' ಎಂಬ ಮೂರಕ್ಷರಗಳನ್ನು ಹೆಸರಿನ ಮುಂದೆ ಹಚ್ಚಿಕೊಳ್ಳುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಪದವಿಯಿಂದ ನಾಡಿಗೆ ದಕ್ಕಿದ್ದೇನು ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳುವದಿಲ್ಲ. ಆ ಲೆಕ್ಕವನ್ನು ಕೇಳುವದೇ ನಮ್ಮ ಇಂದಿನ ಉದ್ದೇಶವು.

ಈ ವಿಷಯದಲ್ಲಿ ನಮ್ಮ ಸುಶಿಕ್ಷಿತರಲ್ಲಿ ಎರಡು ಪಂಗಡಗಳುಂಟು. 'ಇಲ್ಲಿಯ ಕಾಯಿದೆಯನ್ನು ಇಲ್ಲಿಯೇ ಕಲಿಯಬಾರದೇ? ಲಂಡನ್ನಿನಲ್ಲಿ ಓದಿದವನಿಗೆ ಗದಗಿನ ಹೊಲದ ತಂಟೆ ತಿಳಿಯುವದೇ?' ಎಂದು ಒಂದು ಪಂಗಡದವರು ಹಳಿಯುತ್ತಾರೆ. 'ಕನ್ನಡವನ್ನು ಹಿಡಿದು ಕುಳಿತರೆ ಕೂಪಮಂಡೂಕವಾಗಬೇಕಾದೀತು. ಹೋದವರು ಅಲ್ಲಿಯೇ ನೆಲೆಯೂರಲಿ' ಎಂದು ಇನ್ನೊಂದು ಪಂಗಡದವರು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಅರ್ಧಸತ್ಯವನ್ನೇ ಆಡುತ್ತಿರುವರು. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದು ಸುತ್ತಿ ಓದಿದವನು ತಿರುಗಿ ಮನೆಗೆ ಬಂದು ನಾಲ್ಕು ಜನರಿಗೆ ಹೇಳುವನೆಂಬ ನಂಬಿಗೆಯಿಂದಲೇ.

ಮೊದಲು ಈ ಪದವಿಯ ಸ್ವರೂಪವನ್ನು ತಿಳಿದುಕೊಳ್ಳುವಾ. ಲ್ಯಾಟಿನ್ ಭಾಷೆಯಲ್ಲಿ ಇದು 'ಕಾಯಿದೆಗಳಲ್ಲಿ ಪಾರಂಗತ' ಎಂಬರ್ಥದ ಬಿರುದು. 'ಕಾಯಿದೆಗಳು' ಎಂಬ ಬಹುವಚನವನ್ನು ಸೂಚಿಸುವದಕ್ಕಾಗಿಯೇ ಎಲ್ ಅಕ್ಷರವು ಎರಡು ಸಲ ಬಂದಿದೆ. ಇಂಗ್ಲಂಡದಲ್ಲಿಯೂ ಅಮೇರಿಕೆಯಲ್ಲಿಯೂ ಸಾಮಾನ್ಯವಾಗಿ ಒಂದು ವರ್ಷದ ವ್ಯಾಸಂಗವಿದು. ಅಂತರರಾಷ್ಟ್ರೀಯ ಕಾಯಿದೆ, ವ್ಯಾಪಾರದ ಕರಾರುಗಳು, ಮಧ್ಯಸ್ಥಿಕೆ, ಮಾನವ ಹಕ್ಕುಗಳು, ತೆರಿಗೆ, ಸಮುದ್ರಯಾನ ಮುಂತಾದವುಗಳಲ್ಲಿ ಕೆಲವನ್ನು ಆರಿಸಿಕೊಂಡು ಆಳವಾಗಿ ಓದಬೇಕು. ಅನೇಕ ಕಡೆ ಕೊನೆಗೊಂದು ಪ್ರೌಢಪ್ರಬಂಧವನ್ನೂ ಬರೆಯಬೇಕು. ಇಂಗ್ಲಿಷು ಬಲ್ಲೆನೆಂಬುದಕ್ಕೆ ಕೇಳುವ, ಓದುವ, ಬರೆಯುವ, ಮಾತಾಡುವ ನಾಲ್ಕೂ ಬಗೆಯ ಪರೀಕ್ಷೆಯನ್ನು ಹೊರಡುವ ಮೊದಲೇ ಕೊಡಬೇಕು. ಒಂಬತ್ತರ ಅಳತೆಯಲ್ಲಿ ಏಳು, ಏಳೂವರೆ ಬಂದ ಹೊರತು ಹೆಸರಾದ ಕಾಯಿದೆ ಶಾಲೆಗಳು ಬಾಗಿಲು ತೆರೆಯುವದು ಕಡಿಮೆ.

ಇದು ವಕೀಲಿಯ ಸನದಲ್ಲವೆಂಬುದನ್ನು ತಂದೆತಾಯಿಗಳು ಚೆನ್ನಾಗಿ ನೆನಪಿಡಬೇಕು. ಇಲ್ಲಿ ವಕೀಲಿ ಮಾಡುವದಕ್ಕೆ ಮೊದಲ ಪದವಿಯೂ ವಕೀಲರ ಪರಿಷತ್ತಿನ ನೋಂದಣಿಯೂ ಪರೀಕ್ಷೆಯೂ ಬೇಕೇ ಹೊರತು ಈ ಮೇಲಿನ ಪದವಿ ಬೇಕಿಲ್ಲ. ಅಲ್ಲಿ ವಕೀಲಿ ಮಾಡುವದಕ್ಕೆ ಈ ಪದವಿಯೊಂದೇ ಸಾಲದು; ಆಯಾ ದೇಶದ ಬೇರೆ ಪರೀಕ್ಷೆಯನ್ನು ದಾಟಬೇಕು. ಅಮೇರಿಕೆಯ ನ್ಯೂಯಾರ್ಕಿನಂಥ ಕೆಲವು ಸಂಸ್ಥಾನಗಳು ಇದನ್ನು ಓದಿದ ಪರದೇಶಸ್ಥರಿಗೆ ತಮ್ಮ ಪರೀಕ್ಷೆಗೆ ಕೂಡ್ರುವ ಅವಕಾಶವನ್ನು ಕೊಡುವದುಂಟು, ಅಷ್ಟೇ. ಇಲ್ಲಿಗೆ ಬಂದು ಪ್ರಾಧ್ಯಾಪಕರಾಗಬೇಕೆನ್ನುವವರು, ಪರದೇಶದ ಒಂದು ವರ್ಷದ ಪದವಿಯನ್ನು ಇಲ್ಲಿ ಸರಿಸಮಾನವೆಂದು ಎಣಿಸುವರೋ ಇಲ್ಲವೋ ಎಂಬುದನ್ನು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳತಕ್ಕದ್ದು. ಭಾರತೀಯ ವಕೀಲರ ಪರಿಷತ್ತು 2020ರ ನಿಯಮಗಳಲ್ಲಿ ಇದನ್ನು ಬಿಗಿಗೊಳಿಸಹೊರಟಿತ್ತು. ಇದಾವುದನ್ನೂ ಕೇಳದೆ, ದೂರದ ಬೆಟ್ಟ ನುಣ್ಣಗೆಂದು ಹೊಲವನ್ನು ಅಡವಿಟ್ಟು ಸಾಲ ತೆಗೆದು ಮಗನನ್ನು ಕಳಿಸಿದ ಮನೆಯು ಮುಂದೆ ಹತ್ತು ವರ್ಷ ಬಡ್ಡಿಯನ್ನು ಕಟ್ಟುವದು. ರೋಡ್ಸ್, ಕಾಮನ್‌ವೆಲ್ತ್, ಚೀವನಿಂಗ್ ಮೊದಲಾದ ವಿದ್ಯಾರ್ಥಿವೇತನಗಳಿವೆ. ಅವುಗಳಿಗಾಗಿ ಒಂದು ವರ್ಷ ಮೊದಲೇ ಅರ್ಜಿ ಹಾಕುವ ದೂರದೃಷ್ಟಿ ಬೇಕು.

ಹಾಗಾದರೆ ಹೋಗುವದೇ ಬೇಡವೇ? ಹಾಗೆ ನಾವು ಎಂದೂ ಹೇಳೆವು. ಕಾವೇರಿಯ ಮಾತನ್ನೇ ತೆಗೆದುಕೊಳ್ಳಿರಿ. ಮಂಡ್ಯದ ರೈತನ ಗದ್ದೆಗೆ ಎಷ್ಟು ನೀರು ಎಂಬುದು ನಿರ್ಣಯವಾದದ್ದು ಮಂಡ್ಯದಲ್ಲಲ್ಲ. 1990ರಲ್ಲಿ ನ್ಯಾಯಮಂಡಳಿ ಏರ್ಪಟ್ಟಿತು. 2007ರಲ್ಲಿ ಅದರ ಕೊನೆಯ ನಿರ್ಣಯ ಬಂದಿತು. 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿ ತೀರ್ಪು ಕೊಟ್ಟಿತು. ಆ ವಾದದ ಬೆನ್ನೆಲುಬಾದ 'ನ್ಯಾಯಸಮ್ಮತ ಹಂಚಿಕೆ' ಎಂಬ ತತ್ತ್ವವು ಹುಟ್ಟಿ ಬೆಳೆದದ್ದೆಲ್ಲಿ? ಅಮೇರಿಕೆಯ ಎರಡು ಸಂಸ್ಥಾನಗಳಾದ ಕಾನ್ಸಾಸ್ ಹಾಗೂ ಕೊಲೊರಾಡೊಗಳ ನಡುವಿನ, 1907ರಲ್ಲಿ ತೀರ್ಮಾನವಾದ ನದಿಯ ಮೊಕದ್ದಮೆಯಲ್ಲಿ. ಅದಕ್ಕೆ ಪುಷ್ಟಿ ಕೊಟ್ಟ ನಿಯಮಗಳು 1966ರಲ್ಲಿ ಫಿನ್‌ಲಂಡಿನ ಹೆಲ್ಸಿಂಕಿ ಪಟ್ಟಣದಲ್ಲಿ ರೂಪುಗೊಂಡವು. ಇವನ್ನು ಬಲ್ಲವರು ನಮ್ಮಲ್ಲಿ ಇಲ್ಲದೆ ಹೋದರೆ ನಮ್ಮ ನೀರಿಗೆ ವಾದಿಸುವವರು ಯಾರು? ಕರಾವಳಿಯ ಬೆನಗಲ್ ಮನೆತನದ ನರಸಿಂಗ ರಾಯರು ಕೇಂಬ್ರಿಜ್ಜಿನಲ್ಲಿ ಓದಿ ಬಂದು, ಮುಂದೆ ಭಾರತದ ಸಂವಿಧಾನಸಭೆಗೆ ಸಲಹೆಗಾರರಾಗಿ, 1952ರಲ್ಲಿ ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದದ್ದು ನಮ್ಮ ಹೆಮ್ಮೆಯಲ್ಲವೇ? ಆದುದರಿಂದ ಹೋಗಲಿ, ಕಲಿಯಲಿ.

ಇನ್ನು ಇಂಗ್ಲಿಷಿನಲ್ಲಿಯೇ ಯಾಕೆ ಎಂಬ ಪ್ರಶ್ನೆ. ಇದಕ್ಕೆ ಇಂಗ್ಲಂಡಕ್ಕಿಂತ ಹಾಲಂಡವೇ ಒಳ್ಳೆಯ ಪಾಠ ಹೇಳುವದು. ಹೇಗ್ ಪಟ್ಟಣದ ಹತ್ತಿರ ಲೈಡನ್ ಎಂಬ ಊರು. ಅಲ್ಲಿಯ ವಿದ್ಯಾಪೀಠವು 1575ರಲ್ಲಿ ಸ್ಥಾಪಿತವಾದದ್ದು. ಅಂತರರಾಷ್ಟ್ರೀಯ ಕಾಯಿದೆ, ವಾಯು ಹಾಗೂ ಅಂತರಿಕ್ಷದ ಕಾಯಿದೆ ಮುಂತಾದವುಗಳ ಮೇಲಿನ ಪದವಿಯನ್ನು ಅಲ್ಲಿ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ನಾನಾ ದೇಶದ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕುಳಿತಾಗ ಎಲ್ಲರಿಗೂ ತಿಳಿಯುವ ಒಂದು ನುಡಿ ಬೇಕಷ್ಟೆ. ಇದನ್ನು ಕಂಡು ಬಂದ ನಮ್ಮ ತರುಣರು 'ನೋಡಿರಿ, ಡಚ್ ಜನರೂ ಇಂಗ್ಲಿಷಿಗೆ ಒಲಿದರು; ಕನ್ನಡದ ಹಟ ನಮಗೇಕೆ?' ಎಂದು ವಾದಿಸುವದುಂಟು. ಅವರು ತರಗತಿಯ ಕೋಣೆಯನ್ನು ಕಂಡರು; ಬೀದಿಯಾಚೆಯ ನ್ಯಾಯಾಲಯದ ಕಟ್ಟಡದೊಳಗೆ ಕಾಲಿಡಲಿಲ್ಲ. ಆ ದೇಶದಲ್ಲಿ ಕಳ್ಳತನದ ವಿಚಾರಣೆಯೂ ಹೊಲಮನೆಗಳ ವ್ಯಾಜ್ಯವೂ ನಡೆಯುವದು ಡಚ್ ನುಡಿಯಲ್ಲಿ. ಕೆಳಗಿನ ನ್ಯಾಯಾಲಯದಿಂದ ಅತ್ಯುಚ್ಚ ನ್ಯಾಯಾಲಯದ ವರೆಗೆ ತೀರ್ಪುಗಳು ಬರುವದು ಡಚ್ ನುಡಿಯಲ್ಲಿ. ಅಲ್ಲಿ ವಕೀಲನೋ ನ್ಯಾಯಾಧೀಶನೋ ಆಗಬಯಸುವವನು ಡಚ್ ಕಾಯಿದೆಯನ್ನೇ ಓದಿರಬೇಕು. ನಮ್ಮವರು ಪಡೆದು ಬರುವ ಇಂಗ್ಲಿಷ್ ಪದವಿಯೊಂದರಿಂದ ಆ ಬಾಗಿಲು ತೆರೆಯುವದಿಲ್ಲ. 2019ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಂಗ್ಲಿಷಿನಲ್ಲಿ ವಿಚಾರಣೆ ನಡೆಸುವ ಒಂದು ವ್ಯಾಪಾರೀ ನ್ಯಾಯಪೀಠವನ್ನು ಅವರು ತೆರೆದದ್ದು ನಿಜ. ಆದರೆ ಅದು ದೇಶದೇಶಗಳ ನಡುವಿನ ವ್ಯಾಪಾರದ ವ್ಯಾಜ್ಯಗಳಿಗೆ, ಉಭಯ ಪಕ್ಷದವರೂ ಒಪ್ಪಿ ಬಂದರೆ ಮಾತ್ರ. ಅಂದರೆ ಇಂಗ್ಲಿಷು ಅಲ್ಲಿ ಆದರದ ಅತಿಥಿ, ಮನೆಯ ಯಜಮಾನನಲ್ಲ. ಆ ದೇಶದ ಜನಸಂಖ್ಯೆ ಸುಮಾರು 1.8 ಕೋಟಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿಯೆಂದು ಬರೆಯಿಸಿದವರು 4.37 ಕೋಟಿ. ಚಿಕ್ಕವರಿಗೆ ಸಾಧ್ಯವಾದದ್ದು ದೊಡ್ಡವರಿಗೇಕೆ ಅಸಾಧ್ಯವಾಗಬೇಕು?

ಅವರಿಗೂ ಇದು ತಾನಾಗಿ ಬರಲಿಲ್ಲ, ದುಡಿದು ಗಳಿಸಿದರು. ಲೈಡನ್ನಿನ ಹಳೆಯ ವಿದ್ಯಾರ್ಥಿಗಳಲ್ಲಿ ಹ್ಯೂಗೊ ಗ್ರೋಷಿಯಸ್ ಎಂಬವನ ಹೆಸರನ್ನು ಕಾಯಿದೆ ಓದಿದವರೆಲ್ಲ ಬಲ್ಲರು. 1583ರಲ್ಲಿ ಡೆಲ್ಫ್ಟಿನಲ್ಲಿ ಹುಟ್ಟಿದ ಈತನು ಹನ್ನೊಂದನೆಯ ವಯಸ್ಸಿಗೆ ಲೈಡನ್ನಿಗೆ ಸೇರಿ, ಹದಿನೈದನೆಯ ವಯಸ್ಸಿಗೆ ಪರದೇಶವಾದ ಫ್ರಾನ್ಸಿನ ಓರ್ಲಿಯನ್ಸ್ ವಿದ್ಯಾಪೀಠದಿಂದ ಕಾಯಿದೆಯ ಮೇಲಿನ ಪದವಿಯನ್ನು ಪಡೆದನು. ಅಂದಿನ ವಿದ್ವಾಂಸರ ಭಾಷೆ ಲ್ಯಾಟಿನ್. ಇಂದಿನ ಇಂಗ್ಲಿಷಿನ ಸ್ಥಾನ ಅಂದು ಅದಕ್ಕಿತ್ತು. ಯುದ್ಧ ಮತ್ತು ಶಾಂತಿಯ ಧರ್ಮವನ್ನು ಕುರಿತು 1625ರಲ್ಲಿ ಈತನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಅಂತರರಾಷ್ಟ್ರೀಯ ಕಾಯಿದೆಯ ಅಡಿಗಲ್ಲೆಂದು ಜಗತ್ತು ಕೊಂಡಾಡುವದು. ಆದರೆ ನಾವು ಕೈಮುಗಿಯುವದು ಈತನ ಇನ್ನೊಂದು ಪುಸ್ತಕಕ್ಕೆ. 1619ರಲ್ಲಿ ರಾಜಕೀಯ ಕಲಹದಲ್ಲಿ ಸಿಕ್ಕು ಜನ್ಮಾವಧಿ ಸೆರೆಗೆ ಗುರಿಯಾಗಿ ಲೂವೆಸ್ಟೈನ್ ಕೋಟೆಯಲ್ಲಿದ್ದಾಗ, ತನ್ನ ನಾಡಿನ ಕಾಯಿದೆಯನ್ನು ತನ್ನ ನಾಡಿನ ನುಡಿಯಲ್ಲಿಯೇ, ಡಚ್ಚಿನಲ್ಲಿಯೇ, ಬರೆದನು. ಲ್ಯಾಟಿನ್ ಶಬ್ದಗಳಿಗೆ ಡಚ್ ಶಬ್ದಗಳನ್ನು ಹುಡುಕಿ ನಿಲ್ಲಿಸಿದನು. 1621ರಲ್ಲಿ ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ಸೆರೆಯಿಂದ ಪಾರಾದನು. 1631ರಲ್ಲಿ ಆ ಪುಸ್ತಕವು ಅಚ್ಚಾಯಿತು. ದಕ್ಷಿಣ ಆಫ್ರಿಕೆಯ ಹಾಗೂ ಸಿಂಹಳದ ನ್ಯಾಯಾಲಯಗಳಲ್ಲಿ ಆ ಪುಸ್ತಕದ ಆಧಾರಕ್ಕೆ ಇಂದಿಗೂ ಬೆಲೆಯುಂಟು. ಲೋಕಕ್ಕೆ ಲೋಕದ ನುಡಿಯಲ್ಲಿ, ಮನೆಗೆ ಮನೆಯ ನುಡಿಯಲ್ಲಿ ಬರೆದ ಈತನೇ ಪರದೇಶಕ್ಕೆ ಹೊರಟ ನಮ್ಮ ತರುಣರಿಗೆ ಮಾದರಿ.

ಇನ್ನು ಇಂಗ್ಲಂಡದ ಮಾತು. ಇಂಗ್ಲಿಷು ಕಾಯಿದೆಗೆಂದೇ ಹುಟ್ಟಿದ ಭಾಷೆಯೆಂದು ನಮ್ಮವರು ತಿಳಿದಿರುವರು. ಆದರೆ ಬಹುಕಾಲ ಅಲ್ಲಿಯ ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಿದ್ದದ್ದು ಫ್ರೆಂಚಿನಲ್ಲಿ. ದಾಖಲೆ ಬರೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. ಫ್ರೆಂಚು ಪ್ರಜೆಗಳಿಗೆ ತಿಳಿಯದೆಂಬ ಕಾರಣದಿಂದ ವಾದವು ಇಂಗ್ಲಿಷಿನಲ್ಲಿ ನಡೆಯಲೆಂದು 1362ರಲ್ಲಿ ಒಂದು ಶಾಸನವಾಯಿತು; ವಿನೋದವೆಂದರೆ ಆ ಶಾಸನವನ್ನೇ ಫ್ರೆಂಚಿನಲ್ಲಿ ಬರೆದಿದ್ದರು! ದಾಖಲೆಗಳೂ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಾಯಿದೆ ಸ್ಥಿರವಾಗಿ ಜಾರಿಗೆ ಬಂದದ್ದು 1733ರಲ್ಲಿ. ಎರಡಕ್ಕೂ ನಡುವೆ 371 ವರ್ಷ. ವಿದ್ಯಾಪೀಠಗಳಲ್ಲಿಯಾದರೂ ಆಗಿನ ವರೆಗೆ ಕಲಿಸುತ್ತಿದ್ದದ್ದು ರೋಮನ್ ಕಾಯಿದೆ. ತಮ್ಮ ದೇಶದ ಕಾಯಿದೆಯನ್ನು ಆಕ್ಸ್‌ಫರ್ಡಿನಲ್ಲಿ ಬ್ಲ್ಯಾಕ್‌ಸ್ಟನ್ ಎಂಬ ಪಂಡಿತನು ಬೋಧಿಸತೊಡಗಿದ್ದು 1753ರಲ್ಲಿ. ಇಂದು ನಮ್ಮವರು ತಲೆಬಾಗಿ ಕಲಿಯುವ ಇಂಗ್ಲಿಷ್ ಕಾಯಿದೆಯೂ ಒಂದು ಕಾಲಕ್ಕೆ ತನ್ನ ಮನೆಯ ವಿದ್ಯಾಪೀಠದ ಬಾಗಿಲಲ್ಲಿ ಹೊರಗೇ ನಿಂತಿತ್ತು.

ನಮ್ಮ ದೇಶದಲ್ಲಿಯೂ ಈ ಹಾದಿಯನ್ನು ತುಳಿದವರಿಲ್ಲದಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರರಾದ ಮಹಾತ್ಮಾ ಗಾಂಧಿಯವರು 1909ರಲ್ಲಿ ಹಡಗಿನಲ್ಲಿ ಕುಳಿತು 'ಹಿಂದ್ ಸ್ವರಾಜ್' ಬರೆದದ್ದು ತಮ್ಮ ತಾಯಿನುಡಿಯಾದ ಗುಜರಾತಿಯಲ್ಲಿ. 1922ರಲ್ಲಿ ಬ್ಯಾರಿಸ್ಟರರಾದ ಡಾ. ಅಂಬೇಡಕರರು 1927ರಲ್ಲಿ 'ಬಹಿಷ್ಕೃತ ಭಾರತ' ಪತ್ರಿಕೆಯನ್ನು ನಡೆಸಿದ್ದು ಮರಾಠಿಯಲ್ಲಿ. ಇವರಿಗೆ ಇಂಗ್ಲಿಷು ಬರುತ್ತಿರಲಿಲ್ಲವೇ? ಯಾರ ಸಲುವಾಗಿ ನ್ಯಾಯವನ್ನು ಬೇಡುತ್ತಿದ್ದರೋ ಅವರಿಗೆ ತಿಳಿಯುವ ಮಾತಿನಲ್ಲಿ ಮೊದಲು ಹೇಳಬೇಕೆಂಬುದನ್ನು ಅವರು ಅರಿತಿದ್ದರು.

ಈಗ ನಮ್ಮ ಮನೆಯನ್ನು ನೋಡಿಕೊಳ್ಳುವಾ. ನ್ಯಾಯಶಾಸ್ತ್ರದಲ್ಲಿ ಕನ್ನಡನಾಡು ಬಡತನದ ನಾಡಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣ ಪಟ್ಟಣದಲ್ಲಿ ಕುಳಿತು ವಿಜ್ಞಾನೇಶ್ವರನು 'ಮಿತಾಕ್ಷರಾ'ವನ್ನು ಬರೆದನು. ಬಂಗಾಲದ ಕಡೆಯನ್ನು ಬಿಟ್ಟರೆ ಭರತಖಂಡದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ಹಕ್ಕು ಶತಮಾನಗಳವರೆಗೆ ಆ ಗ್ರಂಥದ ಮೇಲೆ ನಿಂತಿತು; 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದನು. ಆದರೆ ಅದು ಸಂಸ್ಕೃತದಲ್ಲಿತ್ತು. ಕಲ್ಯಾಣದ ಒಕ್ಕಲಿಗನು ತನ್ನ ಊರಲ್ಲಿ ಹುಟ್ಟಿದ ಶಾಸ್ತ್ರದ ಅರ್ಥವನ್ನು ಪಂಡಿತನಿಂದ ಕೇಳಿ ತಿಳಿಯಬೇಕಾಗಿತ್ತು. ಎಂಟು ಒಂಬತ್ತು ನೂರು ವರ್ಷಗಳಾದವು. ಪಂಡಿತನ ಭಾಷೆ ಬದಲಾಯಿತು. ಒಕ್ಕಲಿಗನ ಸ್ಥಿತಿ ಬದಲಾಗಲಿಲ್ಲ.

ಯಾಕೆನ್ನುವಿರಾ? ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ಸಂಸತ್ತು ಬೇರೆ ವಿಧಿಸುವ ವರೆಗೆ, ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ರಾಷ್ಟ್ರಪತಿಗಳ ಪೂರ್ವಸಮ್ಮತಿಯಿಂದ ರಾಜ್ಯಪಾಲರು ಆಯಾ ರಾಜ್ಯದ ನುಡಿಯಲ್ಲಿ ಅಲ್ಲಿಯ ಕಲಾಪಕ್ಕೆ ಅನುಮತಿ ಕೊಡಬಹುದೆಂದು ಅದೇ ಅನುಚ್ಛೇದವು ಹೇಳುವದು. ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಈ ದಾರಿಯಿಂದಲೇ ಹಿಂದಿಯು ಉಚ್ಚ ನ್ಯಾಯಾಲಯವನ್ನು ಹೊಕ್ಕಿತು. ಕನ್ನಡಕ್ಕಾಗಿ ಕರ್ನಾಟಕವೂ ಕೇಳಿತು. ತಮಿಳು, ಗುಜರಾತಿ, ಬಂಗಾಲಿಗಳ ಬೇಡಿಕೆಗಳೊಡನೆ ಅದನ್ನೂ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೆಲ್ಲ ಸೇರಿ ವಿಚಾರಮಾಡಿ ಒಪ್ಪದೆ ಹೋದರು. 1956ರಲ್ಲಿ ನಾಡು ಒಂದಾಯಿತು. ಕೆಳಗಿನ ನ್ಯಾಯಾಲಯಗಳಿಗೆ ಕನ್ನಡ ಬಂದಿತು. ಆದರೆ ಮೇಲ್ಮನವಿಯು ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಯಿತೆಂದರೆ, ಫಿರ್ಯಾದಿಯು ತನ್ನ ಮೊಕದ್ದಮೆಯಲ್ಲಿ ತಾನೇ ಕಿವುಡನಾಗಿ ಕೂಡ್ರುವನು. ಗೆದ್ದೆನೋ ಸೋತೆನೋ ಎಂಬುದನ್ನು ವಕೀಲನ ಮುಖ ನೋಡಿ ತಿಳಿಯುವನು.

'ಕನ್ನಡದಲ್ಲಿ ಕಾಯಿದೆಯ ಶಬ್ದಗಳಿಲ್ಲ' ಎಂಬುದು ಇದಕ್ಕೆ ಬರುವ ಸಿದ್ಧ ಉತ್ತರ. ದಾವೆ, ಫಿರ್ಯಾದಿ, ಜಾಮೀನು, ಜಪ್ತಿ, ತಕರಾರು, ವಾಯಿದೆ, ಒತ್ತೆ, ಪಾಲುಪಟ್ಟಿ ಇವೆಲ್ಲ ಯಾವ ಭಾಷೆಯಲ್ಲಿವೆ? ಕೆಲವು ಪಾರಸಿಯಿಂದ, ಕೆಲವು ಮರಾಠಿಯಿಂದ ಬಂದಿರಲೊಲ್ಲವೇಕೆ! ನಮ್ಮ ಹಳ್ಳಿಯ ಮುದುಕಿಯೂ ಅವನ್ನು ಬಲ್ಲಳು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೊದಲ ಪದವಿಯ ಪರೀಕ್ಷೆಯಲ್ಲಿ ಕನ್ನಡದಲ್ಲಿಯೇ ಉತ್ತರ ಬರೆಯಬಹುದು. ಬರೆದು ಉತ್ತೀರ್ಣರಾದವರೂ ಇದ್ದಾರೆ. 2019ರಿಂದ ಸರ್ವೋಚ್ಚ ನ್ಯಾಯಾಲಯವು ತನ್ನ ಕೆಲವು ತೀರ್ಪುಗಳನ್ನು ಕನ್ನಡದಲ್ಲಿಯೂ ಕೊಡುತ್ತಿದೆ. ಕೊರತೆಯಿರುವದು ಶಬ್ದಗಳದ್ದಲ್ಲ. ಹೊಸ ಶಾಸ್ತ್ರವನ್ನು ಅರಗಿಸಿಕೊಂಡು ಆ ಶಬ್ದಗಳನ್ನು ದುಡಿಸುವ ವಿದ್ವಾಂಸರದ್ದು. ಅಂಥ ವಿದ್ವಾಂಸನಾಗಬಲ್ಲವನೇ ಪರದೇಶದಲ್ಲಿ ಓದಿ, ಇಂಗ್ಲಿಷಿನಲ್ಲಿ ಪ್ರಬಂಧ ಬರೆದು, ಅದನ್ನು ಅಲ್ಲಿಯ ಗ್ರಂಥಾಲಯದ ಕಪಾಟಿನಲ್ಲಿಟ್ಟು ಬರಿಗೈಯಿಂದ ಊರಿಗೆ ಬರುತ್ತಾನೆ. ನಮ್ಮ ದುಃಖವು ಇದೇ.

ಆದುದರಿಂದ ಹೊರಡುವ ತರುಣರಿಗೆ ನಮ್ಮ ಮೂರು ಬಿನ್ನಹಗಳು. ಒಂದನೆಯದು, ಪ್ರಬಂಧದ ವಿಷಯವನ್ನು ಆರಿಸುವಾಗ ಮನೆಯನ್ನು ನೆನೆಯಿರಿ. ನದಿಗಳ ಹಂಚಿಕೆ, ಮಲೆನಾಡಿನ ಅರಣ್ಯವಾಸಿಗಳ ಹಕ್ಕು, ಕರಾವಳಿಯ ಮೀನುಗಾರರ ಕಡಲು, 1994ರಲ್ಲಿಯೇ ಕರ್ನಾಟಕವು ಕಾಯಿದೆ ಮಾಡಿ ಹೆಣ್ಣುಮಕ್ಕಳಿಗೆ ಕೊಟ್ಟ ಪಿತ್ರಾರ್ಜಿತದ ಪಾಲು, ಇವೆಲ್ಲ ಲೋಕದ ಯಾವ ವಿದ್ಯಾಪೀಠದಲ್ಲಿಯೂ ಮರ್ಯಾದೆ ಪಡೆಯುವ ವಿಷಯಗಳು. ಎರಡನೆಯದು, ಓದುವಾಗ ಒಂದು ವಹಿಯನ್ನು ಇಡಿರಿ. ಹೊಸದಾಗಿ ಕಲಿತ ಪ್ರತಿಯೊಂದು ತತ್ತ್ವವನ್ನು, ಕಾಯಿದೆ ಓದದ ನಿಮ್ಮ ತಂದೆಗೆ ಹೇಳುವಂತೆ, ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಹಾಗೆ ಬರೆಯಲಿಕ್ಕೆ ಬರದಿದ್ದರೆ ಇಂಗ್ಲಿಷಿನಲ್ಲಿಯೂ ಅದು ಪೂರ್ತಿ ತಿಳಿದಿಲ್ಲವೆಂದು ಅರಿಯಿರಿ. ಮೂರನೆಯದು, ತಿರುಗಿ ಬಂದ ವರ್ಷದೊಳಗೆ ನಿಮ್ಮ ಪ್ರಬಂಧದ ಸಾರವನ್ನು ನೂರು ಪುಟದ ಕನ್ನಡ ಪುಸ್ತಕವಾಗಿ ಕೊಡಿರಿ. ಅಲ್ಲಿಯೇ ನೆಲೆಯೂರುವವರೂ ಇದಷ್ಟನ್ನು ಕಳಿಸಿಕೊಡಬಹುದು. ಪುಸ್ತಕಕ್ಕೆ ಪ್ರವೇಶಪತ್ರ ಬೇಕಿಲ್ಲ.

ಸರಕಾರಕ್ಕೂ ಒಂದು ಮಾತು. ಪ್ರಜೆಗಳ ಹಣದಿಂದ ಪರದೇಶಕ್ಕೆ ಕಳಿಸುವ ಪ್ರತಿ ವಿದ್ಯಾರ್ಥಿಯಿಂದಲೂ ಇಂಥ ಒಂದು ಕನ್ನಡ ಪುಸ್ತಕದ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳಲಿ. ಅದನ್ನು ಅಚ್ಚುಹಾಕಿಸುವ ಹೊಣೆಯನ್ನು ತಾನು ಹೊರಲಿ. ಹತ್ತು ವರ್ಷಗಳಲ್ಲಿ ಕನ್ನಡದ ನ್ಯಾಯಗ್ರಂಥಗಳ ಒಂದು ಕಪಾಟು ತುಂಬುವದು. ನಾಳೆ ಉಚ್ಚ ನ್ಯಾಯಾಲಯದಲ್ಲಿ ಕನ್ನಡವನ್ನು ಬೇಡಲು ಹೋದಾಗ ಆ ಕಪಾಟೇ ನಮ್ಮ ಸಾಕ್ಷಿ.

ಶಾಲಾಮಾಸ್ತರರೇ, ಹೋಗುವವರು ಮೊದಲು ನಿಮ್ಮ ಕೈಯಲ್ಲಿ ಬೆಳೆದವರು. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಪರದೇಶ ಎಟುಕದೆಂಬ ಅಂಜಿಕೆಯನ್ನು ನೀವೇ ಬಿಡಿಸಬೇಕು. ಇಂಗ್ಲಿಷನ್ನು ಅವನಿಗೆ ಗಟ್ಟಿಯಾಗಿ ಕಲಿಸಿರಿ. ಅದು ದಾಟಿಸುವ ಹರಗೋಲು. ಹರಗೋಲು ಹತ್ತಿ ಹೊಳೆಯನ್ನು ದಾಟಿದವನು ತಿರುಗಿ ಬರುವಾಗಲೂ ಅದನ್ನೇ ಹತ್ತಬೇಕು. ಆದರೆ ಊರೊಳಗೆ ಬರುವಾಗ ಅದನ್ನು ತಲೆಯ ಮೇಲೆ ಹೊತ್ತು ತರುವವರಿಲ್ಲ. ಆಚೆಯ ದಡದಿಂದ ತಂದ ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು ನಮ್ಮ ಎರೆಮಣ್ಣಿನಲ್ಲಿ ಬಿತ್ತುವನೋ ಇಲ್ಲವೋ ಎಂಬುದನ್ನಷ್ಟೇ ನಾಡು ಕೇಳುವದು.